ಹಾರಕ್ಕೆ ಹೋದ ನಾರು

ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿದ್ದೇ ಭೀಮಾಶಂಕರ ಮಾಡಿದ ತಪ್ಪು. ಒಣ ಬಟ್ಟೆ ಹೊದಿಸಿದ್ದರೆ ಇಸ್ತ್ರಿಗೆ ಹೋಗಬೇಕಾದದ್ದು ಅಂದುಕೊಂಡು ಯಾರೂ ಮುಟ್ಟುತ್ತಿರಲಿಲ್ಲ. ಏನೂ ಹೊದಿಸದೆ ಬಿಟ್ಟಿದ್ದರೆ ಕಸ ಅಂದುಕೊಂಡು ಬೆಕ್ಕೂ ಮೂಸುತ್ತಿರಲಿಲ್ಲ. ಆದರೆ ಹೊಸ ತಿಪ್ಪಸಂದ್ರದ ಮುನಿವೆಂಕಟಪ್ಪನ ವಠಾರದಲ್ಲಿ, ಆಯುಧಪೂಜೆಯ ಹಿಂದಿನ ದಿನ, ನೀರಿನ ತೊಟ್ಟಿಯ ಪಕ್ಕದ ನೆರಳಿನಲ್ಲಿ, ಒದ್ದೆ ಬಟ್ಟೆ ಹೊದ್ದ ಬುಟ್ಟಿಯೊಳಗೆ ಬಾಳೆನಾರು ಕೂತಿದ್ದರೆ ಅದಕ್ಕೆ ಜಗತ್ತಿನಲ್ಲಿ ಒಂದೇ ಅರ್ಥ. ಅದು ಹೂ ಕಟ್ಟುವ ನಾರು.

ಭೀಮಾಶಂಕರನ ಪ್ರಕಾರ ಅದು ಅವನ ಪಿಎಚ್‌ಡಿ.

ಕಲಬುರಗಿ ಕಡೆಯಿಂದ ಬಂದು ಈ ವಠಾರದ ಶೀಟಿನ ಮನೆಯಲ್ಲಿ ಬಾಡಿಗೆಗಿದ್ದ ಭೀಮಾಶಂಕರ, ಎಳೆಗಳನ್ನು ಎಳೆದೂ ಎಳೆದೂ ಎಳೆಯ ವಯಸ್ಸನ್ನು ಕಳೆದುಕೊಂಡವನು. ಸಿ.ವಿ. ರಾಮನ್ ನಗರದ ಕಡೆಯ ಒಂದು ಪ್ರಯೋಗಾಲಯದಲ್ಲಿ ಅವನ ಕೆಲಸ ಇಷ್ಟು: ಬಾಳೆನಾರಿನ ಒಂದು ಎಳೆಯನ್ನು ಯಂತ್ರದ ಎರಡು ದವಡೆಗಳ ನಡುವೆ ಸಿಕ್ಕಿಸುವುದು, ಹರಿಯುವ ತನಕ ಎಳೆಸುವುದು, ಎಷ್ಟು ಭಾರಕ್ಕೆ ಹರಿಯಿತೆಂದು ಬರೆದುಕೊಳ್ಳುವುದು, ಆಮೇಲೆ ಇನ್ನೊಂದು ಎಳೆ. ಉಕ್ಕಿನ ತಂತಿಯಾದರೆ ಯಾವುದನ್ನು ಎಳೆದರೂ ಹೆಚ್ಚುಕಡಿಮೆ ಒಂದೇ ಉತ್ತರ. ಗಿಡದ ನಾರು ಮನುಷ್ಯರ ಹಾಗೆ. ಒಂದೇ ಗಿಡದ ಒಂದೇ ಪಟ್ಟೆಯಲ್ಲಿ ಅಕ್ಕಪಕ್ಕ ಬೆಳೆದ ಎರಡು ಎಳೆಗಳಲ್ಲಿ ಒಂದು ಉಫ್ ಅಂದರೆ ಹರಿಯುತ್ತದೆ, ಇನ್ನೊಂದು ಬಾಡಿಗೆ ಕೇಳಲು ಬಂದ ಮನೆಯೊಡೆಯನ ಹಾಗೆ ಎಷ್ಟು ಜಗ್ಗಿದರೂ ಜಗ್ಗುವುದಿಲ್ಲ. ಪ್ರತಿ ಎಳೆಯಲ್ಲೂ ಎಲ್ಲೋ ಒಂದು ಬಲಹೀನ ಜಾಗವಿರುತ್ತದೆ. ಉಳಿದದ್ದೆಲ್ಲ ಎಷ್ಟೇ ಗಟ್ಟಿಯಿದ್ದರೂ ಹರಿಯುವುದು ಅಲ್ಲೇ. ಈ ಏರುಪೇರಿಗೂ ಒಂದು ನಿಯಮವಿದೆ, ಅದನ್ನು ಸಂಖ್ಯಾಶಾಸ್ತ್ರದ ಸೂತ್ರದೊಳಗೆ ಕೂರಿಸಬಹುದು ಎಂಬುದು ಅವನ ಪ್ರಬಂಧ. ಕೂರಿಸಲು ಹೋಗಿ ಅವನೇ ಕೂತು ಆರನೇ ವರ್ಷ ನಡೆಯುತ್ತಿತ್ತು.

ಮೊದಲು ಬಂದಾಗ ಇದನ್ನೆಲ್ಲ ಮುನಿವೆಂಕಟಪ್ಪನಿಗೆ ಬಿಡಿಸಿ ಹೇಳಿದ್ದ. ಮುನಿವೆಂಕಟಪ್ಪ ಕೇಳಿ, ಬೀಡಿ ಕೈಯಲ್ಲೇ ಆರುವಷ್ಟು ಹೊತ್ತು ನಕ್ಕಿದ್ದ. "ನಾರು ಕಿತ್ತಾಕಕ್ಕೆ ಗೌರ್ಮೆಂಟು ಸಂಬ್ಳ ಕೊಡ್ತೈತಾ? ನಮ್ ಎಮ್ಮೆ ಬಿಟ್ಟಿಯಾಗಿ ಕೀಳ್ತಿತ್ತಲ್ಲಯ್ಯ." ಆವತ್ತಿನಿಂದ ಯಾರು ಕೇಳಿದರೂ ಭೀಮಾಶಂಕರನದು ಒಂದೇ ಉತ್ತರ: "ಏರೋಪ್ಲೇನಿಗೆ ಸಂಬಂಧಪಟ್ಟಿದ್ದು." ಪಕ್ಕದಲ್ಲೇ ವಿಮಾನದ ಕಾರ್ಖಾನೆ ಇದ್ದ ಊರಿನಲ್ಲಿ ಆ ಉತ್ತರಕ್ಕೆ ಮರುಪ್ರಶ್ನೆ ಇರಲಿಲ್ಲ.

ಬುಟ್ಟಿಯಲ್ಲಿದ್ದದ್ದು ಇನ್ನೂರು ಎಳೆ. ಎಲ್ಲವೂ ಮುನಿವೆಂಕಟಪ್ಪನ ಹಿತ್ತಲಿನ ಏಲಕ್ಕಿ ಬಾಳೆಯವು. ಗಿಡದ ಬುಡದ ಎಳೆಗಳಿಗೆ ಕೆಂಪು ದಾರ, ನಡುವಿನವಕ್ಕೆ ಹಸಿರು, ತುದಿಯವಕ್ಕೆ ಹಳದಿ, ಹೀಗೆ ಒಂದೊಂದಕ್ಕೂ ಗುರುತು ಕಟ್ಟಿದ್ದ. ಇನ್ನು ಬೇಕೆಂದರೂ ಸಿಗುವಂತಿರಲಿಲ್ಲ. ಉಳಿದಿದ್ದ ಆ ಕೊನೆಯ ಬಾಳೆಗಳನ್ನೂ ಬೇಸಿಗೆಯಲ್ಲಿ ಕಡಿದು, ಅಲ್ಲೀಗ ಫ್ಲ್ಯಾಟಿನ ಕಂಬಗಳು ಎದ್ದಿದ್ದವು. ಶೀಟಿನ ಮನೆಯ ಬಿಸಿಗೆ ನಾರು ಒಣಗಿ ಗುಣ ಬದಲಾಗಬಾರದೆಂದು ತೊಟ್ಟಿಯ ಪಕ್ಕ ತಂಪಿನಲ್ಲಿಟ್ಟಿದ್ದ. ತಿಂಗಳುಗಟ್ಟಲೆ ಕಾದ ಮೇಲೆ ಯಂತ್ರ ಆ ದಿನ ಮಧ್ಯಾಹ್ನ ಅವನ ಪಾಲಿಗೆ ಬಂದಿತ್ತು. ಇದೊಂದು ಪ್ರಯೋಗ ಮುಗಿದರೆ ಪ್ರಬಂಧ ಮುಗಿದಂತೆ. ಮುಗಿಯದಿದ್ದರೆ ಈ ವರ್ಷ ಅವನ ರಿಜಿಸ್ಟ್ರೇಶನ್ನೇ ಮುಗಿದಂತೆ.

ಒಳ್ಳೆಯ ದಿನವೆಂದು ಬೆಳಿಗ್ಗೆಯೇ ಮಾರ್ಕೆಟ್ ರಸ್ತೆಗೆ ಹೋಗಿ, ಹಬ್ಬದ ನೂಕಿನಲ್ಲಿ ಎರಡು ಗಂಟೆ ಕಾದು, ಶೇವಿಂಗ್ ಮಾಡಿಸಿಕೊಂಡು ಬಂದ. ಬಂದು ನೋಡಿದರೆ ಬುಟ್ಟಿಯೂ ಅವನ ಕೆನ್ನೆಯಷ್ಟೇ ನುಣ್ಣಗಾಗಿತ್ತು. ತಳದಲ್ಲಿ ಒಂದು ಸೇವಂತಿಗೆ ಎಸಳು.

ಎದುರು ಜಗಲಿಯಲ್ಲಿ ಹೂವಿನ ರಾಶಿಯ ನಡುವೆ ಮಾನಮ್ಮ ಕೂತಿದ್ದಳು. ಯಾದಗಿರಿ ಕಡೆಯವಳು, ಹೂ ಕಟ್ಟಿ ಮಾರುವವಳು. ಒಂದೇ ಸೀಮೆಯವನೆಂದು ಭೀಮಾಶಂಕರನಿಗೆ ತಮ್ಮನ ಪಟ್ಟ ಕಟ್ಟಿ, ವಾರಕ್ಕೆರಡು ಸಲ ರೊಟ್ಟಿ-ಪುಂಡಿಪಲ್ಯ ಕೊಡುವವಳು.

"ಯಕ್ಕಾ, ಇಲ್ಲೊಂದು ಬುಟ್ಟಿ ಇತ್ತಲ್ಲ."

"ಬುಟ್ಟಿ ನಿನ್ನ ಕಾಲಾಗ ಐತಲ್ಲೋ ತಮ್ಮಾ."

"ಬುಟ್ಟ್ಯಾಗಿನ ನಾರು?"

"ಅದಾ." ಮಾನಮ್ಮನ ಮುಖ ಅರಳಿತು. "ಯಾರೋ ಆಪೀಸಿನವರು ಆಳೆತ್ತರದ ಹಾರ ಹೇಳಿದ್ರು ನೋಡು, ನನ್ನ ನಾರೆಲ್ಲಾ ಅದೊಂದಕ್ಕs ಹೋತು. ಇನ್ನೂ ಆರ್ಡರ್ ಬಾಕಿ ಅದಾವ, ಏನ್ ಮಾಡ್ಲಿ ಶಿವನೇ ಅಂತ ಕುಂತಿದ್ದೆ. ನಿನ್ನ ಬುಟ್ಟಿ ಕಂಡ್ತು. ಬಣ್ಣದ ದಾರ ಬ್ಯಾರೆ ಕಟ್ಟಿ ಎಷ್ಟ್ ಚೆಂದ ಇಟ್ಟೀದಿ. ನೋಡಪಾ, ಹೇಳದs ಕೇಳದs ಅಕ್ಕನ ಸಲುವಾಗಿ ತಂದಿಟ್ಟಾನ ಅನ್ಕೊಂಡೆ. ಒಡಹುಟ್ಟಿದವ್ರೂ ಹಿಂಗ ಮಾಡಾಂಗಿಲ್ಲ ಬಿಡು."

ಭೀಮಾಶಂಕರನೊಳಗೂ ಎಲ್ಲೋ ಒಂದು ಬಲಹೀನ ಜಾಗವಿತ್ತು. ಆರು ವರ್ಷ ತಡೆದದ್ದು ಅಲ್ಲೇ ಹರಿಯಿತು.

"ಯಾರನ್ನ ಕೇಳಿ ಮುಟ್ಟಿದ್ರಿ? ಅದು ನಿಮ್ಮ ಹೂವಿನ ನಾರಲ್ಲ. ಅದರಾಗ ಒಂದು ಎಳಿ ಕಡಿಮಿ ಆದ್ರೂ ನನ್ನ ಬಾಳೇವು ಹಾಳಾಗ್ತದ, ತಿಳೀತದೇನು? ಎಲ್ಲಿ ತಿಳೀತದ. ಓದುಬರಹ ಇಲ್ಲದವರ ಬಾಜೂಕ ಮನಿ ಮಾಡಿದ್ದs ನನ್ನ ತಪ್ಪು."

ಮಾನಮ್ಮ ಕೈಯಲ್ಲಿದ್ದ ಹೂವನ್ನು ರಾಶಿಗೆ ವಾಪಸು ಹಾಕಿದಳು. ಅವನನ್ನು ಯಾವತ್ತೂ 'ನೀನು' ಅನ್ನುತ್ತಿದ್ದವಳು, "ಮೂರು ಹಾರ ಹೋಗ್ಯಾವ್ರಿ," ಎಂದಳು. "ಒಂದು ಮನಿ ಮಾಲಕ ಗೌಡ್ರ ಟ್ಯಾಕ್ಟರಿಗೆ, ಒಂದು ಖುರ್ಷೀದ್ ಸಾಬ್ರ ಗ್ಯಾರೇಜಿಗೆ, ಒಂದು ಬೇಕರಿಗೆ. ತಂದು ಕೊಡ್ರಿ, ಬಿಚ್ಚಿ ಕೊಡ್ತೀನಿ."

ಆ 'ರಿ' ಅವನ ಬೆನ್ನಿಗೆ ಮುಳ್ಳಿನ ಹಾಗೆ ಚುಚ್ಚಿತು. ಆದರೆ ಮುಳ್ಳು ತೆಗೆಯಲು ಪುರಸೊತ್ತಿರಲಿಲ್ಲ.

ಮುನಿವೆಂಕಟಪ್ಪನ ಹೊಲ ಸೈಟಾಗಿ, ಸೈಟು ಬಿಲ್ಡಿಂಗಾಗಿ, ಬಿಲ್ಡಿಂಗು ಬಾಡಿಗೆಯಾಗಿತ್ತು. ಟ್ರಾಕ್ಟರ್ ಮಾತ್ರ ಟ್ರಾಕ್ಟರಾಗಿಯೇ ವಠಾರದ ಅಂಗಳದಲ್ಲಿ ಉಳಿದುಕೊಂಡಿತ್ತು. ಉಳಲು ಮಣ್ಣಿಲ್ಲ, ಆದರೂ ವರ್ಷಕ್ಕೊಮ್ಮೆ ಪೂಜೆ ತಪ್ಪುತ್ತಿರಲಿಲ್ಲ. ನಾಳೆ ಹೂವಿನ ರೇಟು ಕೇಳಿದರೆ ಟ್ರಾಕ್ಟರನ್ನೇ ಮಾರಬೇಕಾಗುತ್ತದೆಂದು ಈ ಸಲ ಹಿಂದಿನ ದಿನವೇ ಹಾರ ಹಾಕಿಸಿದ್ದ. ಭೀಮಾಶಂಕರ ಹೋಗಿ ಅದಕ್ಕೆ ಕೈ ಹಾಕಿದ್ದೇ ತಡ, ಒಳಗಿಂದ ದನಿ ಬಂತು.

"ಏ, ಯಾವನಯ್ಯ ಅವನು, ದೇವ್ರಿಗಾಕಿದ್ ಹಾರ ಕೀಳೋನು."

"ಇದು ಟ್ರಾಕ್ಟರು ಯಜಮಾನ್ರೇ."

"ನಂಗೆ ಅದೇ ದೇವ್ರು. ಹಬ್ಬದೊತ್ತಲ್ಲಿ ಹಾರ ಕಿತ್ರೆ ವಂಸ ಉದ್ಧಾರಾಯ್ತದಾ?"

"ಬೇರೆ ಹಾರ ತಂದು ಹಾಕ್ತೀನಿ. ಇದರ ನಾರು ಮಾತ್ರ ನನಗೆ ಬೇಕು. ಇದು ನಿಮ್ಮ ಹಿತ್ತಲಿನ ಏಲಕ್ಕಿ ಬಾಳೆಯದು."

ಹೇಳಬಾರದಿತ್ತು. ಮುನಿವೆಂಕಟಪ್ಪ ಬೀಡಿ ಬಿಸಾಕಿ ಹತ್ತಿರ ಬಂದ. ಹೂವಿನ ಸಂದಿಯಲ್ಲಿ ಬೆರಳು ತೂರಿಸಿ ನಾರನ್ನು ಮುಟ್ಟಿ ನೋಡಿದ. ಕಂಬಗಳೆದ್ದ ಕಡೆ ಒಮ್ಮೆ ನೋಡಿದ.

"ನಮ್ ತೋಟದ್ದಾ."

"ಹೂಂ."

"ಅಂಗಾದ್ರೆ ಕೊಡಾಕಿಲ್ಲ ಹೋಗಯ್ಯ. ಗಿಡ ಕಡ್ಸಿದ್ ದಿನದಿಂದ ನಂಗೆ ನಿದ್ದೆ ಸರ್ಯಾಗಿ ಬಂದಿಲ್ಲ. ಇದಾದ್ರೂ ಇರ್ಲಿ."

ಅವನ ಹೆಂಡತಿ ಮಾರಕ್ಕ ಅಡುಗೆಮನೆ ಕಿಟಕಿಯಿಂದಲೇ ತೀರ್ಪು ಕೊಟ್ಟಳು. "ಸೈಟಿನ್ ಪತ್ರಕ್ಕೆ ಸೈನ್ ಹಾಕೋವಾಗ ಪೆನ್ನು ಕಾಲಿಯಾಗಿದ್ರೂ ಒತ್ತಿ ಒತ್ತಿ ಹಾಕ್ದೆ, ಈವಾಗ ನಾರಿಡ್ಕೊಂಡು ಅಳ್ತೀಯಾ? ಆ ಹುಡುಗ ಏರೋಪ್ಲೇನ್ ಕಟ್ಬೇಕಂತೆ, ಕೊಟ್ ಕಳ್ಸು."

ಮುನಿವೆಂಕಟಪ್ಪ ಹಾರ ಬಿಚ್ಚಿದ. ಬಿಚ್ಚಿದವನು ಒಂದು ಎಳೆಯನ್ನು ಹೂವಿನಿಂದ ಮೆಲ್ಲಗೆ ಜಾರಿಸಿ ತೆಗೆದ. "ಇದೊಂದು ನಂಗಿರ್ಲಿ," ಎಂದು ಸ್ಟೇರಿಂಗಿಗೆ ಕಟ್ಟಿದ. ಕೆಂಪು ದಾರದ್ದು. ಇನ್ನೂರರಲ್ಲಿ ಒಂದು ಹೋದರೆ ಸೂತ್ರ ಸಾಯುವುದಿಲ್ಲವೆಂದು ಭೀಮಾಶಂಕರ ಉಳಿದ ಹಾರವನ್ನು ತೋಳಿಗೇರಿಸಿದ.

ಬೇಕರಿಯವನು ಪೂಜೆಗೆಂದು ಒಲೆಯ ಬಾಗಿಲಿಗೆ ತೊಡಿಸಿದ್ದ ಹಾರವನ್ನು, ಬೇರೆ ಹಾರ ಬರುತ್ತದೆಂದ ಮೇಲೆ, ಗೊಣಗದೆ ಕೊಟ್ಟ. ನಿಜವಾದ ಪೇಚು ಗ್ಯಾರೇಜಿನಲ್ಲಿತ್ತು.

"ಆಯಿಯೇ ಸಾಬ್," ಎಂದ ಖುರ್ಷೀದ್, ಗ್ರೀಸಿನ ಕೈ ಒರೆಸಿಕೊಳ್ಳುತ್ತ. "ನಾವು ಪೂಜೆ ಮಾಡಾದಿಲ್ಲ, ಲೇಕಿನ್ ಗಿರಾಕಿ ಗಾಡಿ ಬೋಳ್ ಬೋಳ್ ಹೋದ್ರೆ ನಮ್ಗೇ ಒಂಥರಾ ಆಗ್ತದೆ. ಹಾರ ನಾನೇ ಹಾಕ್ಸಿ ಕಳಿಸ್ತೀನಿ."

"ಎಲ್ಲಿ ಆ ಹಾರ?"

ಖುರ್ಷೀದ್ ರಸ್ತೆಯ ಕಡೆ ಗಲ್ಲ ಎತ್ತಿ ತೋರಿಸಿದ. ಒಂದು ಸ್ಕೂಟರ್, ಮದುಮಗನ ಹಾಗೆ ಹಾರ ಹಾಕಿಕೊಂಡು, ಹೊಗೆಯ ಸೆರಗು ಹಾರಿಸುತ್ತ ಹೋಗುತ್ತಿತ್ತು.

ರಿಪೇರಿಗೆ ಬಂದಿದ್ದ, ರಿಪೇರಿ ಇನ್ನೂ ಶುರುವಾಗದಿದ್ದ ಒಂದು ಮೊಪೆಡ್ ಹತ್ತಿ ಇಬ್ಬರೂ ಬೆನ್ನು ಹತ್ತಿದರು. ಏರು ಬಂದಲ್ಲೆಲ್ಲ ಭೀಮಾಶಂಕರ ಇಳಿದು ತಳ್ಳಿದ. ಇಳಿಜಾರು ಬಂದಲ್ಲಿ ಬ್ರೇಕಿಲ್ಲವೆಂದು ಖುರ್ಷೀದ್ ಕಾಲು ಊರಿದ. ಸಿಗ್ನಲ್ಲಿನಲ್ಲಿ ಸ್ಕೂಟರ್ ಸಿಕ್ಕಿತು. ಭೀಮಾಶಂಕರ ಹಿಂದೆಮುಂದೆ ನೋಡದೆ ಹಾರಕ್ಕೆ ಕೈ ಹಾಕಿದ.

"ಏಯ್, ಏಯ್, ಯಾರ್ರೀ ನೀವು?" ಎಂದ ಸ್ಕೂಟರಿನವನು ಅವನ ಕಾಲರ್ ಹಿಡಿದು. "ಹಾಡಹಗಲೇ ಹಾರ ಕದೀತಾನೆ ನೋಡ್ರೀ. ಸರ ಕದಿಯೋರನ್ನ ಕೇಳಿದ್ದೆ, ಹಾರ ಕದಿಯೋನ್ನ ಇವತ್ತೇ ನೋಡಿದ್ದು."

ಜನ ಸೇರಿದರು. ಒಬ್ಬ ತಮಿಳಿನಲ್ಲಿ, ಒಬ್ಬ ತೆಲುಗಿನಲ್ಲಿ, ಇಬ್ಬರು ಕನ್ನಡದಲ್ಲಿ ಅವನಿಗೆ ಹೊಡೆಯಬೇಕೇ ಬೇಡವೇ ಎಂದು ಚರ್ಚೆ ಶುರುಮಾಡಿದರು. ಬಾಳೆನಾರಿನ ಬಲದ ಏರುಪೇರನ್ನು ಆ ಸಿಗ್ನಲ್ಲಿನಲ್ಲಿ ವಿವರಿಸುವುದು ಹೇಗೆಂದು ಭೀಮಾಶಂಕರ ಬಾಯಿ ತೆರೆಯುವಷ್ಟರಲ್ಲಿ ಖುರ್ಷೀದ್ ಮುಂದೆ ಬಂದ.

"ಸಾಬ್‌ನ ಬಿಡ್ರಿ. ಅವ್ರು ಏರೋಪ್ಲೇನ್ ಡಿಪಾರ್ಟ್ಮೆಂಟು. ಆ ಹಾರದಲ್ಲಿ ಏರೋಪ್ಲೇನ್ ಸಾಮಾನ್ ಇದೆ. ಮಿಸ್ಟೇಕಾಗಿ ಬಂದ್ಬಿಟ್ಟದೆ."

ಸ್ಕೂಟರಿನವನ ಮುಖ ಬಿಳಿಚಿಕೊಂಡಿತು. ಕಾಲರ್ ಬಿಟ್ಟವನೇ ಹಾರವನ್ನು ಎರಡು ಬೆರಳಲ್ಲಿ, ಹಾವನ್ನು ಹಿಡಿದ ಹಾಗೆ ಎತ್ತಿ ಭೀಮಾಶಂಕರನ ಕೊರಳಿಗೇ ಹಾಕಿದ. "ಮೊದ್ಲೇ ಹೇಳ್ಬಾರ್ದೇನ್ರೀ," ಎಂದು, ಸಿಗ್ನಲ್ ಕೆಂಪಿರುವಾಗಲೇ ಗಾಡಿ ಓಡಿಸಿದ.

ಹೀಗೆ ಕೊರಳಲ್ಲಿ ಒಂದು, ತೋಳಿನಲ್ಲಿ ಎರಡು ಹಾರ ಹೊತ್ತು, ಚುನಾವಣೆ ಸೋತೂ ಮೆರವಣಿಗೆ ಬಿಡದವನಂತೆ ಭೀಮಾಶಂಕರ ವಠಾರಕ್ಕೆ ಬಂದ. ಮಾನಮ್ಮ ಚಾಪೆ ಹಾಸಿಕೊಂಡು ಕಾಯುತ್ತಿದ್ದಳು. ಹಾರಗಳನ್ನು ತೆಗೆದುಕೊಂಡು ಒಂದೊಂದೇ ಗಂಟು ಬಿಚ್ಚತೊಡಗಿದಳು. ಬೆಳಗಿನಿಂದ ಕಟ್ಟಿದ್ದನ್ನು ಮಧ್ಯಾಹ್ನದಿಂದ ಬಿಚ್ಚುವ ಆ ಬೆರಳುಗಳನ್ನು ನೋಡಲಾಗದೆ ಅವನು ಗಡಿಯಾರ ನೋಡಿದ. ಗಂಟುಗಳು ಬಿಚ್ಚುವ ಹೊತ್ತಿಗೆ ಯಂತ್ರದ ಸರದಿ ಮುಗಿದಿರುತ್ತದೆ. ಹೋಗಿ ಒಂದು ಗಂಟೆ ಗಡುವು ಬೇಡಿಕೊಂಡು ಬರುವುದೇ ದಾರಿ.

"ಯಕ್ಕಾ," ಎಂದ.

"ಹೋಗಿ ಬರ್ರಿ," ಎಂದಳು ಮಾನಮ್ಮ, ತಲೆ ಎತ್ತದೆ. "ಒಂದು ಎಳಿನೂ ಕಡಿಮಿ ಆಗಾಂಗಿಲ್ಲ."

ಪ್ರಯೋಗಾಲಯದ ಬಾಗಿಲಲ್ಲೇ ಅವನಿಗೆ ಊದುಬತ್ತಿ ವಾಸನೆ ಬಡಿಯಿತು. ಒಳಗೆ ಯಂತ್ರದ ಹಣೆಗೆ ವಿಭೂತಿ-ಕುಂಕುಮ, ಕಾಲ ಬಳಿ ಒಡೆದ ಕುಂಬಳಕಾಯಿ, ಮೇಲಿನ ದವಡೆಯಿಂದ ಕೆಳಗಿನ ದವಡೆಯವರೆಗೆ ಆಳೆತ್ತರದ ಸೇವಂತಿಗೆ ಹಾರ. ಅವನ ಮಾರ್ಗದರ್ಶಕಿ ಡಾಕ್ಟರ್ ಸುಕನ್ಯ ಎಲ್ಲರಿಗೂ ಕಡಲೆಪುರಿ ಹಂಚುತ್ತಿದ್ದರು.

"ಬನ್ನಿ ಭೀಮಾಶಂಕರ್, ಕರೆಕ್ಟ್ ಟೈಮಿಗೆ ಬಂದ್ರಿ. ನಾಳೆ ಹಾಲಿಡೇ ಅಲ್ವಾ, ಅದಕ್ಕೆ ಇವತ್ತೇ ಪೂಜೆ ಮುಗಿಸಿಬಿಟ್ವಿ. ಹಾರ ನೋಡಿ, ಸೂಪರ್. ನೀವೇ ಹೇಳಿದ್ರಂತಲ್ಲ ಆ ಲೇಡಿನ?"

ಭೀಮಾಶಂಕರನ ಬಾಯಿಗೆ ಹೋಗುತ್ತಿದ್ದ ಕಡಲೆಪುರಿ ದಾರಿಯಲ್ಲೇ ನಿಂತಿತು. ಹೌದು. ಹೋದ ವಾರ ಅಟೆಂಡರ್ ಬಂದು, ಚೆನ್ನಾಗಿ ಹಾರ ಕಟ್ಟುವವರು ಯಾರಾದರೂ ಗೊತ್ತಾ ಸಾರ್ ಎಂದು ಕೇಳಿದ್ದ. ನಮ್ಮ ವಠಾರದ ಮಾನಮ್ಮ, ಗಟ್ಟಿಯಾಗಿ ಕಟ್ಟುತ್ತಾಳೆ ಎಂದು ವಿಳಾಸ ಕೊಟ್ಟವನು ತಾನೇ. ಅಕ್ಕನಿಗೊಂದು ಉಪಕಾರವಾಗಲಿ ಎಂದು. ಅವಳ ನಾರನ್ನೆಲ್ಲ ನುಂಗಿದ ಆ 'ಯಾರೋ ಆಪೀಸಿನವರು' ತನ್ನ ಆಫೀಸಿನವರೇ.

"ಮೇಡಂ, ನನ್ನ ಟೆಸ್ಟು?"

"ಪೂಜೆ ಮಾಡಿದ್ಮೇಲೆ ಮಷೀನ್ ಆನ್ ಮಾಡೋ ಹಾಗಿಲ್ಲಪ್ಪ. ಸೋಮವಾರ ಫಸ್ಟ್ ಸ್ಲಾಟ್ ನಿಮ್ದೇ, ನಿಮ್ಮ ರಿಜಿಸ್ಟ್ರೇಶನ್ ಬಗ್ಗೆ ಬೋರ್ಡಿಗೂ ನಾನೇ ಹೇಳ್ತೀನಿ. ಸ್ಯಾಂಪಲ್ಸ್ ಮಾತ್ರ ಪಕ್ಕಾ ಇರ್ಬೇಕು. ಯಾವ ಎಳೆ ಯಾವ ಗಿಡದ್ದು ಅನ್ನೋದ್ರಲ್ಲಿ ಒಂಚೂರು ಡೌಟ್ ಬಂದ್ರೂ ನಿಮ್ಮ ಸೂತ್ರಕ್ಕೆ ಅರ್ಥ ಇರಲ್ಲ, ಗೊತ್ತಲ್ಲ?"

"ಪಕ್ಕಾ ಇದಾವೆ ಮೇಡಂ," ಎಂದ ಭೀಮಾಶಂಕರ, ಆ ದಿನ ಮೊದಲ ಸಲ ಉಸಿರು ಬಿಟ್ಟು.

ಸಂಜೆ ಪ್ರಯೋಗಾಲಯ ಮುಚ್ಚಿದ ಮೇಲೆ ವಾಪಸು ಬರುವಾಗ ಅವನು ಓಡಲಿಲ್ಲ. ಸೋಮವಾರದ ತನಕ ಸಮಯವಿತ್ತು. ಸಮಯ ಸಿಕ್ಕ ಕೂಡಲೇ ಬೆಳಿಗ್ಗೆ ಆಡಿದ ಮಾತುಗಳು ಒಂದೊಂದಾಗಿ ಬಂದು ಪಕ್ಕದಲ್ಲಿ ನಡೆಯತೊಡಗಿದವು. ಜ್ವರ ಬಂದಾಗ ಗಂಜಿ ಕೊಟ್ಟವಳಿಗೆ ಓದುಬರಹವಿಲ್ಲ ಅಂದಿದ್ದ. ಎರಡು ವರ್ಷ ಅವಳ ರೊಟ್ಟಿ ತಿಂದವನು, ತಾನು ಏನು ಕೆಲಸ ಮಾಡುತ್ತೇನೆಂದು ಒಂದು ದಿನ ಅವಳ ಮುಂದೆ ಕೂತು ಹೇಳಿದ್ದರೆ ಆ ಬುಟ್ಟಿಗೆ ಯಾರು ಕೈ ಹಾಕುತ್ತಿದ್ದರು. ಬೇಕರಿಯಲ್ಲಿ ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡ. ಕ್ಷಮೆ ಕೇಳುವ ವಾಕ್ಯವನ್ನು ಮೂರು ಥರ ಜೋಡಿಸಿದ. ಮೂರೂ ಥೀಸಿಸ್ಸಿನ ಹಾಗೆ ಕೇಳಿಸಿದವು.

ವಠಾರದಲ್ಲಿ ಅವನ ಬುಟ್ಟಿ ತೊಟ್ಟಿಯ ಪಕ್ಕದಲ್ಲೇ, ಒದ್ದೆ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ಸರಿಸಿದ. ಕೆಂಪು, ಹಸಿರು, ಹಳದಿ, ಎಲ್ಲ ದಾರಗಳೂ ಸಾಲಾಗಿ, ಅವನು ಇಟ್ಟಿದ್ದಕ್ಕಿಂತ ಅಚ್ಚುಕಟ್ಟಾಗಿದ್ದವು. ಬುಟ್ಟಿ ಮಾತ್ರ ಅವನ ನೆನಪಿಗಿಂತ ತುಸು ತುಂಬಿದಂತಿತ್ತು. ಎಣಿಸಿದ. ಇನ್ನೂರ ಹದಿನಾಲ್ಕು.

"ಯಕ್ಕಾ, ಇದು ಹೆಚ್ಚಿಗಿ ಅದಾವ."

ಮಾನಮ್ಮ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು, ಆದರೆ ಮುಖದಲ್ಲಿ ಸಮಾಧಾನವಿತ್ತು. "ಇರ್ಲಿ ಬಿಡು. ಬಿಚ್ಚೂಮುಂದ ಅರ್ಧಕ್ಕರ್ಧ ಹರಿದು ಹೋದ್ವೋ ತಮ್ಮಾ. ಎದಿ ಒಡೀತು. ಒಂದು ಎಳಿ ಕಡಿಮಿ ಆದ್ರೂ ಹಾಳಾಗ್ತೀನಿ ಅಂದಿದ್ದೀ. ಬಸ್ ಹತ್ತಿ ಹಲಸೂರ ಮಾರ್ಕೆಟ್ಟಿಗೆ ಹೋದೆ. ಅಲ್ಲೂ ಏಲಕ್ಕಿ ಬಾಳಿ ನಾರೇ ಸಿಕ್ತು. ನಿನ್ನ ಅಳತಿಗೇ ಕತ್ತರಿಸಿ, ಅದೇ ಬಣ್ಣದ ದಾರ ತಂದು ಕಟ್ಟೀನಿ. ಗೌಡ್ರು ಇಟ್ಕೊಂಡ ಒಂದರ ಬದ್ಲಿಗೂ, ಕಡಿಮಿ ಬೀಳಬಾರ್ದಂತ ಮ್ಯಾಲ ಹತ್ತು ಹನ್ನೆರಡೂ ಕಟ್ಟೀನಿ. ಹರಿದವನ್ನ ಒಲಿಗೆ ಹಾಕ್ದೆ."

"ಹೊಸಾವು ಯಾವು ಯಕ್ಕಾ?"

"ಎಲ್ಲಾ ಕೂಡಿಸಿ ಕಲಸೀನಿ." ಮಾನಮ್ಮನ ದನಿಯಲ್ಲಿ ಇಡೀ ದಿನದ ಹೆಮ್ಮೆ ಇತ್ತು. "ನಿನ್ನವು ಯಾವು, ತಂದವು ಯಾವು ಅಂತ ನಿಮ್ಮ ದೊಡ್ಡ ಸಾಹೇಬ್ರು ಬಂದ್ರೂ ಗುರ್ತು ಹಿಡಿಯಾಂಗಿಲ್ಲ."

ಭೀಮಾಶಂಕರ ಒಂದು ಎಳೆ ಎತ್ತಿ ಬೆಳಕಿಗೆ ಹಿಡಿದ. ಇನ್ನೊಂದನ್ನು ಹಿಡಿದ. ಆರು ವರ್ಷದ ಅನುಭವವನ್ನೆಲ್ಲ ಕಣ್ಣಿಗೆ ತಂದು ನೋಡಿದ. ಮಾನಮ್ಮ ಹೇಳಿದ್ದು ನಿಜ.

"ಸಾಲ್ತಾವಲ್ಲ?" ಎಂದಳು ಅವಳು.

"ಸಾಲ್ತಾವ ಯಕ್ಕಾ. ಸಾಲಿ ಮಿಕ್ಕಾವ," ಎಂದ. ಜೋಡಿಸಿಟ್ಟಿದ್ದ ಮೂರು ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ದಿಲ್‌ಪಸಂದ್ ಪೊಟ್ಟಣವನ್ನು ಅವಳ ಕೈಗಿಟ್ಟ. "ಮುಂಜಾನಿ ನಾನು ಹಂಗ ಅನ್ನಬಾರದಿತ್ತು."

"ಹೊಟ್ಟಿ ಉರಿದಿತ್ತು, ಅಂದಿ. ಬಿಡು. ಹೌದು, ಇವು ಏರೋಪ್ಲೇನಿನಾಗ ಎಲ್ಲಿ ಹಾಕ್ತಾರ? ರೆಕ್ಕಿಗೇನು?"

ಇನ್ನು ಮುಚ್ಚಿಟ್ಟು ಉಳಿಸುವಂಥದ್ದೇನೂ ಅವನಲ್ಲಿರಲಿಲ್ಲ. "ಎಲ್ಲೂ ಹಾಕಾಂಗಿಲ್ಲ ಯಕ್ಕಾ. ಮಷೀನಿಗೆ ಕಟ್ಟಿ ಹರೀತೀನಿ."

"ಹರೀತೀದಿ?"

"ಎಲ್ಲಾನೂ. ಒಂದೊಂದಾಗಿ. ಯಾವುದು ಹೆಂಗ ಹರೀತದ ಅಂತ ನೋಡಾಕ."

ಮಾನಮ್ಮ ಬುಟ್ಟಿ ನೋಡಿದಳು, ತನ್ನ ಬೆರಳು ನೋಡಿಕೊಂಡಳು, ಆಮೇಲೆ ಅವನನ್ನು ನೋಡಿದಳು. "ಅಲ್ಲೋ ತಮ್ಮಾ, ಹರಿಯಾಕ ಅಂತ ಮುಂಜಾನೀನೇ ಅಂದಿದ್ರ, ಈ ಗೋಳೇ ಇರ್ತಿರ್ಲಿಲ್ಲ. ಓಣಿ ಮಂದಿ ಎಲ್ಲಾ ಕೂಡಿ ಹರಿದು ಕೊಡ್ತಿದ್ವಲ್ಲ."

ಭೀಮಾಶಂಕರನ ಕಣ್ಣು ಅಂಗಳದ ಟ್ರಾಕ್ಟರಿನ ಕಡೆ ಹೋಗಿತ್ತು. ಇಡೀ ಬೆಂಗಳೂರಿನಲ್ಲಿ ಆ ಹಿತ್ತಲಿನ ಬಾಳೆಯದೇ ಎಂದು ಆಣೆ ಮಾಡಿ ಹೇಳಬಹುದಾದ ಎಳೆ ಈಗ ಒಂದೇ ಒಂದು, ಅದು ಆ ಸ್ಟೇರಿಂಗಿನಲ್ಲಿತ್ತು. ಒಂದೇ ಎಳೆಯಿಂದ ಸರಾಸರಿ ತೆಗೆಯಬಹುದು. ಏರುಪೇರು ತೆಗೆಯಲು ಬರುವುದಿಲ್ಲ. ಆದರೂ ಒಂದಾದರೂ ಇದೆಯಲ್ಲ ಎಂದು ಅವನು ನೋಡುತ್ತಲೇ ಇದ್ದ.

ಅಷ್ಟರಲ್ಲಿ ಮುನಿವೆಂಕಟಪ್ಪನೇ ಆ ಕಡೆಯಿಂದ ಬಂದ, ಬರಿಗೈ ಚಾಚಿಕೊಂಡು. "ಏನಯ್ಯ ಭೀಮಾಶಂಕ್ರ, ನಾಳೆ ಪೂಜೆಗೆ ಗಾಡಿ ಸ್ಟಾರ್ಟಾಯ್ತದೋ ಇಲ್ವೋ ಅಂತ ಒಂದ್ ಕಿತ ನೋಡ್ದೆ. ಸ್ಟೇರಿಂಗ್ ತಿರುಗ್ಸಿದ್ನಾ, ನಾರು ಪಟ್ ಅಂತ ಕಿತ್ತೋಯ್ತು."

"ಎಷ್ಟು ಭಾರಕ್ಕೆ?" ಆರು ವರ್ಷದ ಅಭ್ಯಾಸ ಅವನ ಬಾಯಿಂದ ತಾನಾಗಿ ಕೇಳಿತು.

"ಯಾವನಿಗ್ ಗೊತ್ತು. ಎಲ್ಲಿ ಬಿತ್ತೋ ಅದೂ ಕಾಣೆ." ಮುನಿವೆಂಕಟಪ್ಪನ ಕಣ್ಣು ಬುಟ್ಟಿಯ ಮೇಲೆ ಬಿತ್ತು. "ಅಷ್ಟೊಂದೈತಲ್ಲ, ಇನ್ನೊಂದ್ ಕೊಡಯ್ಯ. ನಮ್ ತೋಟದ್ದು."

ಭೀಮಾಶಂಕರ ಬುಟ್ಟಿಗೆ ಕೈ ಹಾಕಿ, ಕೈಗೆ ಸಿಕ್ಕ ಒಂದು ಕೆಂಪು ದಾರದ ಎಳೆ ತೆಗೆದು ಕೊಟ್ಟ. ಮುನಿವೆಂಕಟಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೆ ಒತ್ತಿಕೊಂಡ. ಕಂಬಗಳ ಕಡೆ ನೋಡಿದ. ಆಮೇಲೆ ಟ್ರಾಕ್ಟರಿಗೆ ಹೋಗಿ, ಈ ಸಲ ಹರಿಯದ ಹಾಗೆ, ಸಡಿಲವಾಗಿ ಕಟ್ಟತೊಡಗಿದ.

ಅದು ಆ ತೋಟದ್ದೇ ಆಗಿರುವ ಸಂಭವ ಎಷ್ಟೆಂದು ಭೀಮಾಶಂಕರ ಲೆಕ್ಕ ಹಾಕಿದ. ಅರ್ಧಕ್ಕರ್ಧ. ಆರು ವರ್ಷದಲ್ಲಿ ಅವನು ಕೊನೆ ಮುಟ್ಟಿಸಿದ ಲೆಕ್ಕ ಅದೊಂದೇ, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಎಳೆದು, ಮಾನಮ್ಮ ಮುರಿದು ಕೊಟ್ಟ ದಿಲ್‌ಪಸಂದ್ ತುಂಡನ್ನು ಬಾಯಿಗೆ ಹಾಕಿಕೊಂಡು, ಅವನು ಸುಮ್ಮನೆ ಜಗಿದ.